ಹೆಂಗಿದ್ರೂ ಗುಜರಿಗೆ ಹೋಗೋ ಗಾಡಿ

"ಹೆಂಗಿದ್ರೂ ಗುಜರಿಗೆ ಹೋಗೋ ಗಾಡಿ, ಬಿಡಿ ಸಾರ್." ಈ ವಾರ ಪಕ್ಕದ ಅಂಗಳದಲ್ಲಿ ಹಳೇ ಕಾರಿನ ಹಿಂದಿನ ಆಕ್ಸಲ್, ಅಂದರೆ ಎರಡು ಚಕ್ರ ಹೊರುವ ಅಡ್ಡದಂಡ, ಇಳಿಸುತ್ತಿದ್ದ ಹುಡುಗ ಹೇಳಿದ ಮಾತು. ಹೇಳುವಾಗ ಅವನು ಎದೆಮಟ್ಟ ಕಾರಿನಡಿ ಇದ್ದ. ಕಾರು ನಿಂತಿದ್ದದ್ದು ಒಂದೇ ಒಂದು ಹೈಡ್ರಾಲಿಕ್ ಜಾಕ್ ಮೇಲೆ. ಸ್ಟ್ಯಾಂಡ್‌ಗಳೆರಡೂ, ಎತ್ತಿದ ಕಾರನ್ನು ಹೊತ್ತು ನಿಲ್ಲಬೇಕಾದವು, ಗೋಡೆ ಪಕ್ಕದಲ್ಲಿದ್ದವು. ಈಚೆ ಬಾ ಅಂದಾಗ ಬಂದ, ಕಾರಿನಡಿ ಸ್ಟ್ಯಾಂಡ್ ಕೊಟ್ಟ, ಕೆಲಸ ಮುಂದುವರಿಸಿದ. ಸೋಮಾರಿ ಹುಡುಗನಲ್ಲ, ಕೈಯೂ ಚುರುಕು. ಆದರೂ ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಜಾಕ್ ಎತ್ತುವುದಕ್ಕೆ, ಹಿಡಿದಿಡುವುದಕ್ಕಲ್ಲ. ಒಳಗಿನ ಒಂದು ಸಣ್ಣ ಸೀಲ್ ಸೋರಿದರೆ ಅಷ್ಟೂ ಭಾರ ಕೆಳಗೆ ಬರುತ್ತದೆ. ಸ್ಟ್ಯಾಂಡ್ ಕೊಡಬೇಕಾದ ಜಾಗ ಚಾಸಿ (ತಳದ ಚೌಕಟ್ಟು) ಅಥವಾ ಬಾಡಿಯ ಗಟ್ಟಿ ಭಾಗ, ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗಿನ ಮುಂದಿನ ಕೊಂಡಿಗಿಂತ ಸ್ವಲ್ಪ ಮುಂದೆ. ಆಕ್ಸಲ್ ಕೆಳಗೆ ಕೊಟ್ಟರೆ ಪ್ರಯೋಜನವಿಲ್ಲ, ಹೊರಗೆ ಬರಬೇಕಾದ್ದೇ ಅದು. ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ ಇಡಬೇಕು. ಹಿಂದಿನ ಚಕ್ರ ನೆಲ ಬಿಟ್ಟ ಮೇಲೆ ಹ್ಯಾಂಡ್ ಬ್ರೇಕ್ ಆಗಲಿ, ಗೇರಿನಲ್ಲಿ ನಿಲ್ಲಿಸುವುದಾಗಲಿ ಕಾರನ್ನು ತಡೆಯುವುದಿಲ್ಲ. ಇನ್ನು ಚಕ್ರದ ನಟ್ ಸಡಿಲಿಸುವುದು ಕಾರು ನೆಲದ ಮೇಲಿರುವಾಗಲೇ.

ಈ ಕೆಲಸದಲ್ಲಿ ಪ್ರತಿ ಬೋಲ್ಟಿಗೆ ಪಾನಾ ಹಾಕುವ ಮೊದಲೂ ಕೇಳಿಕೊಳ್ಳಬೇಕಾದ್ದು ಒಂದೇ: ಇದು ಹೊತ್ತಿರುವ ಭಾರ ಬಿಚ್ಚಿದ ಮೇಲೆ ಯಾರ ಮೇಲೆ ಬೀಳುತ್ತದೆ? ಶಾಕ್ ಅಬ್ಸಾರ್ಬರನ್ನೇ ತೆಗೆದುಕೊಳ್ಳಿ. ಸವಾರಿಯ ಹಿತಕ್ಕೆ ಮಾತ್ರ ಇರುವ ಭಾಗ ಅಂದುಕೊಳ್ಳುತ್ತೇವೆ. ಬಹಳ ಕಾರುಗಳಲ್ಲಿ ಎತ್ತಿದಾಗ ಆಕ್ಸಲ್ ಎಷ್ಟು ಕೆಳಗೆ ಜೋಲಬಹುದು ಅನ್ನುವುದನ್ನು ತಡೆಯುವುದೂ ಅದೇ. ಆಕ್ಸಲಿನ ಹೊರಕವಚವಾದ ಹೌಸಿಂಗ್ ಕೆಳಗೆ ಇನ್ನೊಂದು ಜಾಕ್ ಇಲ್ಲದೆ ಅದರ ಕೆಳತುದಿ ಬಿಚ್ಚಿದರೆ ಆಕ್ಸಲ್ ಕುಸಿದು ಬ್ರೇಕ್ ಹೋಸನ್ನು ಎಳೆಯುತ್ತದೆ. ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಇನ್ನೂ ಅಪಾಯ. ಒತ್ತಡ ಪೂರ್ತಿ ಇಳಿಯುವವರೆಗೆ ನಿಧಾನವಾಗಿ ಇಳಿಸದಿದ್ದರೆ ಸ್ಪ್ರಿಂಗ್ ಚಿಮ್ಮುತ್ತದೆ.

ಹಾಗಾಗಿ ಭಾರ ಹೊರದ ಭಾಗಗಳು ಮೊದಲು. ಗೇರ್ ಬಾಕ್ಸಿನಿಂದ ಆಕ್ಸಲಿಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆಯ ಬಿಲ್ಲೆ, ಅಂದರೆ ಫ್ಲ್ಯಾಂಜ್, ಎರಡಕ್ಕೂ ಸೇರುವಂತೆ ಬಣ್ಣದ ಒಂದು ಗೆರೆ ಎಳೆದು ಬೋಲ್ಟ್ ತೆಗೆಯಬೇಕು. ಗೆರೆ ಇಲ್ಲದೆ ಹೇಗೋ ಜೋಡಿಸಿದರೆ ಆಮೇಲೆ ನಡುಕ ಬರಬಹುದು. ಶಾಫ್ಟನ್ನು ಗೇರ್ ಬಾಕ್ಸಿನಿಂದ ಎಳೆದುಬಿಟ್ಟರೆ ಎಣ್ಣೆ ಸುರಿಯುತ್ತದೆ, ಬಾಯಿಗೆ ಪ್ಲಾಸ್ಟಿಕ್ ಚೀಲ ಬಿಗಿಯಬೇಕು. ಹ್ಯಾಂಡ್ ಬ್ರೇಕ್ ಬಿಟ್ಟು ಕೇಬಲ್ ಸಡಿಲ ಮಾಡಿ ಪಿನ್ ತೆಗೆಯಬೇಕು. ಬ್ರೇಕ್ ಪೈಪಿನ ನಟ್ ಮೆದು, ಸಾಮಾನ್ಯವಾಗಿ 10 ಅಥವಾ 11 ಎಂಎಂ. ಮಾಮೂಲಿ ಪಾನಾ ಹಾಕಿದರೆ ಮೂಲೆ ಸವೆದು ಹೋಗುತ್ತದೆ, ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರೇ ಬೇಕು. ಬಿಚ್ಚಿದ ತಕ್ಷಣ ಎರಡೂ ತುದಿ ಮುಚ್ಚಬೇಕು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಹೌಸಿಂಗಿನ ಗಾಳಿ ಬಿಡುವ ಬ್ರೀದರ್ ಟ್ಯೂಬ್, ಬ್ರೇಕಿನ ಎಬಿಎಸ್ ಸೆನ್ಸರ್ ಬಿಚ್ಚಲು ಮರೆಯಬಾರದು. ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಯಬೇಡಿ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಮಾಡಿ ಒರೆಸಿ.

ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿದಿಡುವ ಯು ಬೋಲ್ಟಿನ ನಟ್‌ಗಳು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಆಗ ನೋಡಲು ಬಂದ ಹಿರಿಯರೊಬ್ಬರು, "ಗ್ಯಾಸ್ ಕಟರ್ ತರಿಸಪ್ಪ, ಎರಡು ನಿಮಿಷ" ಎಂದರು. ಪೆಟ್ರೋಲ್ ಟ್ಯಾಂಕ್ ಆಕ್ಸಲಿನ ಪಕ್ಕದಲ್ಲೇ ಇತ್ತು! ತಾನು ಕೆಳಗೆ ಮಲಗಬೇಕಿಲ್ಲದವರು ಕೊಡುವ ಸಲಹೆಗಳಲ್ಲಿ ಇಂಥವೇ ಹೆಚ್ಚು. ಗ್ರೈಂಡರ್ ಕಿಡಿಯೂ ಅಲ್ಲಿ ಬೇಡ. ಹುಡುಗ ಹ್ಯಾಕ್ಸಾ ಹಿಡಿದು ನಾಲ್ಕೂ ಬೋಲ್ಟ್ ಕೊಯ್ದ, ಅದು ಅವನು ಮಾಡಿದ ಸರಿಯಾದ ತೀರ್ಮಾನ. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಬಳಸಬಾರದು, ಕೊಯ್ದರೆ ನಷ್ಟವೇನಿಲ್ಲ.

ಕೊನೆಯ ಬೋಲ್ಟ್ ಬಿಟ್ಟ ಕ್ಷಣ ನೋಡಬೇಕಿತ್ತು. ಶಾಫ್ಟ್ ಸೇರುವ ಪಿನಿಯನ್ ಗೇರಿನ ಮೂತಿ ಗಕ್ಕನೆ ಕೆಳಗೆ ತಿರುಗಿ, ಇಡೀ ಹೌಸಿಂಗ್ ಜಾಕಿನ ಬಟ್ಟಲಲ್ಲಿ ಹೊರಳಿತು. ಆ ಭಾರವೆಲ್ಲ ಮುಂದಕ್ಕೆ ಚಾಚಿದ ಮೂತಿಯಲ್ಲಿರುತ್ತದೆ. ಹಿಡಿದಿದ್ದದ್ದು ಜಾಕಿಗೆ ಸುತ್ತಿದ್ದ ಬೆಲ್ಟ್. ಎರಡು ತುದಿಗೆ ಇಬ್ಬರು, ನಡುವೆ ಜಾಕ್, ಮೂತಿಗೊಂದು ಬೆಲ್ಟ್: ಇದಕ್ಕಿಂತ ಕಡಿಮೆಯಲ್ಲಿ ಇಳಿಸಬಾರದು. ಸ್ಪ್ರಿಂಗ್ ಆಕ್ಸಲಿನ ಮೇಲಿದ್ದರೆ ಆಕ್ಸಲ್ ನೇರ ಕೆಳಗೆ ಬರುತ್ತದೆ. ಕೆಳಗಿದ್ದರೆ ಸ್ಪ್ರಿಂಗಿನ ಹಿಂದಿನ ತುದಿಯ ಕೊಂಡಿ, ಅಂದರೆ ಶ್ಯಾಕಲ್, ಬಿಚ್ಚಿ ಅದನ್ನು ಇಳಿಬಿಟ್ಟ ಮೇಲೆಯೇ ದಾರಿ.

ಗುಜರಿಗೆ ಹೋಗುವುದು ಕಾರು, ಆಕ್ಸಲ್ ಅಲ್ಲ. ಅದು ಇನ್ನೊಂದು ಗಾಡಿಗೆ ಸೇರಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಬೇಕು. ಅವಸರದಲ್ಲಿ ಮಡಿಚಿದ ಬ್ರೇಕ್ ಪೈಪು, ಎಳೆದು ಸೀಳಿದ ಕೇಬಲ್ಲು ಅಲ್ಲಿಗೂ ಹೋಗುತ್ತವೆ. ಹುಡುಗನಿಗೆ ಕಾರು ಸತ್ತಿದೆ ಅನ್ನಿಸಿದ್ದಕ್ಕೇ ತನ್ನ ಜೀವದ ಲೆಕ್ಕವೂ ತಪ್ಪಿತು ಅನ್ನಿಸುತ್ತದೆ. ಬೇಡವಾದದ್ದು ಅಂತ ಒಂದಕ್ಕೆ ಹೆಸರಿಟ್ಟರೆ ಸಾಕು, ಅದನ್ನು ಮುಟ್ಟುವ ಕೈಯ ನಿಗಾ ಹೋಗುತ್ತದೆ. ಹಳೇ ಮನೆ ಕೆಡವುವವರಲ್ಲೂ, ಚರಂಡಿಗೆ ಜನರನ್ನು ಇಳಿಸುವವರಲ್ಲೂ ಕಾಣುವುದು ಇದೇ. ಹೊಸ ಕಾರಾಗಿದ್ದರೆ ಯಾರೂ ಹೇಳದೆಯೇ ಅವನು ಸ್ಟ್ಯಾಂಡ್ ಕೊಡುತ್ತಿದ್ದ.

ಇಳಿಸುವ ಮೊದಲೇ ನೋಡಬೇಕಾದ್ದು ರೇಶಿಯೋ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತುತ್ತದೆ ಅನ್ನುವುದು. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಸಾಮಾನ್ಯದ್ದಾದರೆ ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಒಂದು ಬದಿಯ ಚಕ್ರ ಅಲುಗದಂತೆ ಹಿಡಿದು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ (ಒಂದು ಚಕ್ರ ನಿಂತಿರುವುದರಿಂದ ಇದು ಒಂದು ಸುತ್ತಿನ ಲೆಕ್ಕ), ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ನಾಲ್ಕಕ್ಕಿಂತ ತುಸು ಹೆಚ್ಚಾದರೆ ಗೇರುಗಳ ಹಲ್ಲಿನ ಲೆಕ್ಕದಲ್ಲಿ 41:10, ಅಂದರೆ 4.1 ಇರಬಹುದು. ಮುಕ್ಕಾಲು ಸುತ್ತಿನಷ್ಟು ಮೂರು ದಾಟಿದರೆ 41:11, ಅಂದರೆ 3.73. ನಿಮ್ಮ ಗಾಡಿಯದಕ್ಕೆ ಹೊಂದದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳಬಹುದು. ಸ್ಪ್ರಿಂಗ್ ಕೂರುವ ಪ್ಯಾಡ್‌ಗಳ ಅಂತರ, ಚಕ್ರದ ಬೋಲ್ಟುಗಳ ವೃತ್ತವನ್ನೂ ಅಳೆದಿಟ್ಟುಕೊಳ್ಳಿ.

ಎಣ್ಣೆ ಬಸಿಯುವ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಬೇಕು. ಅದು ಬಿಚ್ಚದೆ ಕೆಳಗಿನದು ಬಿಚ್ಚಿದರೆ ಮತ್ತೆ ತುಂಬಲಾಗದ ಹೌಸಿಂಗ್ ಉಳಿಯುತ್ತದೆ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ನುಣ್ಣನೆ ಬೂದು ಪೇಸ್ಟ್ ಇದ್ದರೆ ಸಹಜ ಸವಕಳಿ, ಚೂರು ಸಿಕ್ಕರೆ ಹಲ್ಲು ಮುರಿದಿರಬಹುದು. ಹುಡುಗನದರಲ್ಲಿ ಪೇಸ್ಟ್ ಮಾತ್ರ ಇತ್ತು. ಇನ್ನು ಹೊಸ ಯು ಬೋಲ್ಟು, ಎರಡೂ ತುದಿಯ ಸೀಲು, ಪಿನಿಯನ್ ಸೀಲು ತಂದು ಹಾಕಿ, ತುಂಬುವ ತೂತಿನ ಅಂಚಿನವರೆಗೆ ಎಣ್ಣೆ ತುಂಬುವುದು ಬಾಕಿ.