ಹೆರಾಲ್ಡ್‌ಗೆ ಜೋಡಿ ಕಾರ್ಬುರೇಟರ್: ಕಲಬುರಗಿ ಬಿಸಿಲಿನಲ್ಲಿ ಒಂದು ಎಂಜಿನ್ ಕೆಲಸ

ಫೆಬ್ರುವರಿ

ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಿದ್ದಾಯಿತು. 1967ರ ಸ್ಟ್ಯಾಂಡರ್ಡ್ ಹೆರಾಲ್ಡ್‌ನ 948 ಸಿಸಿ ಎಂಜಿನ್ ಈಗ ಅಂಗಳದ ಬೇವಿನ ಮರದ ಕೆಳಗೆ ಬಾಯಿ ತೆರೆದುಕೊಂಡು ಕೂತಿದೆ. ಮನೆಯಲ್ಲೇ ಕೆಲಸ ಮಾಡುವವನಿಗೆ ಈ ಕಾರಿನಷ್ಟು ಉಪಕಾರಿ ಇನ್ನೊಂದಿಲ್ಲ. ಬಾನೆಟ್, ಮಡ್‌ಗಾರ್ಡ್, ದೀಪ ಎಲ್ಲ ಸೇರಿ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೆ ಕೂತುಕೊಂಡೇ ಪಾನಾ ತಿರುಗಿಸಬಹುದು, ಸೊಂಟ ಬಗ್ಗಿಸುವ ಮಾತೇ ಇಲ್ಲ.

ಹೆರಾಲ್ಡ್ ಸ್ಪೋರ್ಟ್ಸ್ ಕಾರೇ ಎಂದು ಕೇಳುವವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲ. ಆದರೆ ಟ್ರಯಂಫ್ ಸ್ಪಿಟ್‌ಫೈರ್ ಇದೇ ಮನೆಯ ಕಿರಿಯ ಮಗ. ಎರಡರ ವಿನ್ಯಾಸವೂ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯದು. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು. 1962ರಲ್ಲಿ ಇಂಗ್ಲೆಂಡಿನವರು ಹೆರಾಲ್ಡ್‌ನ ಷಾಸಿಯನ್ನೇ ಮೊಟಕುಗೊಳಿಸಿ, ಅದೇ ಎಂಜಿನ್ನನ್ನು 1147 ಸಿಸಿಗೆ ಹಿಗ್ಗಿಸಿ, ಎಸ್‌ಯು ಎಂಬ ಬಗೆಯ ಎರಡು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಹಾಕಿ ಸ್ಪಿಟ್‌ಫೈರ್ ಮಾಡಿದರು. ಅದಕ್ಕೆ 63 ಅಶ್ವಶಕ್ತಿ. ನನ್ನದಕ್ಕೆ ಒಂಟಿ ಸೋಲೆಕ್ಸ್ ಕಾರ್ಬುರೇಟರ್, ಸುಮಾರು 35. ಆ ಎರಡರ ನಡುವಿನ ಯಾವುದೋ ಒಂದು ನೆಲೆ ನನಗೆ ಬೇಕು. ಜೊತೆಗೆ ಅದು ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ನಿಂತು ಹೊರಡುವಂತಿರಬೇಕು. ಎರಡನೆಯ ಷರತ್ತೇ ಹೆಚ್ಚು ಕಠಿಣ ಎಂಬುದು ಈ ಊರಿನವರಿಗೆ ಹೇಳಬೇಕಾಗಿಲ್ಲ.

ಮಾರುತಿಯ ಎಂಜಿನ್ ಕೂರಿಸಿಬಿಡಿ ಎಂದು ಸಲಹೆ ಕೊಟ್ಟವರು ಬಹಳ. ಎಷ್ಟೋ ಹೆರಾಲ್ಡ್‌ಗಳ ಗತಿ ಅದೇ ಆಗಿದೆ. ಆದರೆ ಎಂಜಿನ್ ನಂಬರ್ ಬದಲಾದರೆ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಬೇಕು. ಅಲ್ಲದೆ 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಇರಬಾರದು ಎನ್ನುತ್ತದೆ. ಹಾಗಾಗಿ ಹಳೆಯ ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಹೆಡ್‌ಗೆ ಹೋಗುವ ನಳಿಕೆ), ಸೋಲೆಕ್ಸ್, ಲಿಂಕ್ ಕಡ್ಡಿಗಳನ್ನೆಲ್ಲ ಎಣ್ಣೆ ಸವರಿ, ಹೆಸರು ಬರೆದು ಡಬ್ಬಿಯಲ್ಲಿಟ್ಟಿದ್ದೇನೆ. ಬೇಕಾದರೆ ಒಂದು ಭಾನುವಾರದಲ್ಲಿ ಹಿಂದಿನಂತೆ ಮಾಡಬಹುದು. ವಾಪಸಾಗದ ಕೆಲಸ ಒಂದೇ, ಹೆಡ್ ಸವೆಸುವುದು.

ಮಾರ್ಚ್

ಹೆಡ್ ಸವೆಸುವ ಮುನ್ನ ಅಳತೆ. ಒಂದು ಸಿಲಿಂಡರಿನ ಪಾಲು 237 ಸಿಸಿ. ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ ಎಷ್ಟು ಎಂಬುದರ ಮೇಲೆ ಕಂಪ್ರೆಷನ್, ಅಂದರೆ ಒಳಬಂದ ಮಿಶ್ರಣ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಎಂಬುದು, ನಿಂತಿದೆ. ಪ್ಲಗ್ ಹಾಕಿ, ವಾಲ್ವುಗಳ ಅಂಚಿಗೆ ಗ್ರೀಸ್ ಸವರಿ ಕೂರಿಸಿ, ಹೆಡ್ಡನ್ನು ಬೆನ್ನ ಮೇಲೆ ಮಲಗಿಸಿ, ಚೇಂಬರಿನ ಮೇಲೆ ತೂತು ಕೊರೆದ ಅಕ್ರಿಲಿಕ್ ಹಾಳೆ ಇಟ್ಟೆ. ಕಾಲೇಜು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳೆಯನಿಂದ ತಂದ ಬ್ಯೂರೆಟ್‌ನಿಂದ ಸೀಮೆಎಣ್ಣೆ ಬಿಟ್ಟೆ. ಗಾಳಿಗುಳ್ಳೆ ಒಂದೂ ಉಳಿಯದಂತೆ ತುಂಬಿಸಿ, ಗ್ಯಾಸ್ಕೆಟ್‌ನ ದಪ್ಪ, ಪಿಸ್ಟನ್ ಮೇಲಿನ ಸಂದು ಎಲ್ಲ ಕೂಡಿಸಿದರೆ 36 ಸಿಸಿ. ಅಂದರೆ ಅನುಪಾತ 7.6. ನನಗೆ ಬೇಕಾದದ್ದು 8.4, ಅದಕ್ಕೆ ಜಾಗ 32 ಸಿಸಿಗೆ ಇಳಿಯಬೇಕು.

ನಾಲ್ಕು ಸಿಸಿ ಕಡಿಮೆಯಾಗಲು ಎಷ್ಟು ಮಿಲಿಮೀಟರ್ ಸವೆಸಬೇಕು? ಚೇಂಬರಿನ ಆಕಾರ ವಕ್ರವಾಗಿರುವುದರಿಂದ ಲೆಕ್ಕ ಹಾಕಿ ಹೇಳುವುದು ಕಷ್ಟ. ಅದಕ್ಕೊಂದು ಹಳೆಯ ಉಪಾಯವಿದೆ. ಹೆಡ್ಡನ್ನು ಸ್ಪಿರಿಟ್ ಲೆವೆಲ್‌ನಿಂದ ಸಮತಟ್ಟು ಮಾಡಿ, ತುಂಬಿದ ಚೇಂಬರಿನಿಂದ ಸಿರಿಂಜಿನಲ್ಲಿ ಸರಿಯಾಗಿ ನಾಲ್ಕು ಸಿಸಿ ಹೀರಿ ತೆಗೆಯಬೇಕು. ಆಮೇಲೆ ವರ್ನಿಯರ್‌ನ ಆಳ ಅಳೆಯುವ ಕಡ್ಡಿಯನ್ನು ಮೆಲ್ಲಗೆ ಇಳಿಸುತ್ತ ಹೋದರೆ ಅದರ ತುದಿ ಸೀಮೆಎಣ್ಣೆಯ ಮೈಯನ್ನು ಮುಟ್ಟಿದ ಕ್ಷಣ ದ್ರವ ಚಿಮ್ಮಿ ಕಡ್ಡಿಗೆ ಅಂಟುತ್ತದೆ. ಆ ಅಳತೆಯೇ ಸವೆಸಬೇಕಾದ ದಪ್ಪ. ನನಗೆ ಬಂದದ್ದು ಒಂದೂವರೆ ಮಿಲಿಮೀಟರ್. ನಾಲ್ಕು ಚೇಂಬರಿಗೂ ಮಾಡಿ ನೋಡಿದೆ, ಕೂದಲೆಳೆಯ ವ್ಯತ್ಯಾಸ.

ಎಂಎಸ್‌ಕೆ ಮಿಲ್ ಕಡೆಯ ಮಷಿನ್ ಶಾಪಿನ ಚಾಚಾ ಚೀಟಿ ನೋಡಿ ಕನ್ನಡಕ ಮೇಲೆತ್ತಿದರು. “ಸಾಹೇಬರೇ, ತೆಗೆಯುವ ಯಂತ್ರ ನನ್ನಲ್ಲಿದೆ, ಮತ್ತೆ ಸೇರಿಸುವ ಯಂತ್ರವಿಲ್ಲ. ಇನ್ನೊಮ್ಮೆ ಅಳೆದುಕೊಂಡು ಬನ್ನಿ” ಎಂದರು. ಅಳೆದ ಕಾಗದವನ್ನೇ ತೋರಿಸಿದೆ. ಒಪ್ಪಿದರು. ಅಲ್ಲೇ ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವುಗಳು ಮುಚ್ಚಿದಾಗ ಕೂರುವ ಜಾಗಕ್ಕೆ ಗಟ್ಟಿ ಸೀಟುಗಳನ್ನೂ ಕೂರಿಸಿದ್ದಾಯಿತು. ಈ ಹೆಡ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಎರಕದ ಕಬ್ಬಿಣದ ಸೀಟಿಗೆ ಸೀಸವೇ ಮೆತ್ತೆಯಾಗಿತ್ತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸ ನಿಂತಿತು, ಅಂದಿನಿಂದ ಇಂಥ ಎಂಜಿನ್ನುಗಳ ವಾಲ್ವುಗಳು ಹೆಡ್ಡಿನೊಳಗೆ ಹೂತುಕೊಳ್ಳುತ್ತ ಬಂದಿವೆ. ನನ್ನದರ ಮೂರನೆಯ ಸಿಲಿಂಡರಿನದು ಕಣ್ಣಿಗೆ ಕಾಣುವಷ್ಟು ಒಳಗೆ ಹೋಗಿತ್ತು.

ಹೆಡ್ ತೆಳುವಾದ ಮೇಲೆ, ವಾಲ್ವ್ ತೆರೆಯುವ ರಾಕರ್‌ಗಳನ್ನು ಕೆಳಗಿನಿಂದ ತಳ್ಳುವ ಪುಶ್‌ರಾಡ್ ಕಡ್ಡಿಗಳು ಉದ್ದವಾದಂತೆಯೇ ಲೆಕ್ಕ. ರಾಕರ್ ಶಾಫ್ಟ್‌ನ ಕಾಲುಗಳ ಕೆಳಗೆ ಉಕ್ಕಿನ ತಗಡು ಕೊಟ್ಟು, ವಾಲ್ವ್ ಅರ್ಧ ತೆರೆದಾಗ ರಾಕರಿನ ಪಾದ ವಾಲ್ವ್ ತುದಿಯ ನಡುಮಧ್ಯಕ್ಕೆ ಬರುವಂತೆ ಹೊಂದಿಸಿದೆ. ವಾಲ್ವ್ ತುದಿಗೆ ಮಾರ್ಕರ್ ಶಾಯಿ ಬಳಿದು ಕೈಯಿಂದ ತಿರುಗಿಸಿದರೆ ಉಜ್ಜಿದ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ಟ್ಯಾಪೆಟ್ ಸಂದು ತಣ್ಣಗಿದ್ದಾಗ 10 ಥೌ, ಅಂದರೆ ಇಂಚಿನ ನೂರನೆಯ ಒಂದು ಪಾಲು.

ಏಪ್ರಿಲ್

ಕಾರ್ಬುರೇಟರ್‌ಗಳ ಕಥೆ. ಸ್ಪಿಟ್‌ಫೈರ್‌ನ ಜೋಡಿಯನ್ನು ವಿದೇಶದಿಂದ ತರಿಸಿದರೆ ಕಾರು ಕೊಂಡಷ್ಟೇ ದುಡ್ಡು. ಆದರೆ ಹಳೆಯ ಪೆಟ್ರೋಲ್ ಅಂಬಾಸಿಡರ್‌ಗಳಲ್ಲಿ ಇದ್ದದ್ದೂ ಎಸ್‌ಯುವೇ, ಒಂದೂಕಾಲು ಇಂಚಿನದು. ಡೀಸೆಲ್ ಎಂಜಿನ್ ಕೂರಿಸಿಕೊಂಡ ಟ್ಯಾಕ್ಸಿಗಳು ಕಳಚಿ ಎಸೆದ ಎಸ್‌ಯುಗಳು ಗುಜರಿಯಲ್ಲಿ ಇನ್ನೂ ಸಿಗುತ್ತವೆ. ಎರಡು ಸಿಕ್ಕವು, ಒಂದು ಊರಿನಲ್ಲೇ, ಇನ್ನೊಂದು ಸೊಲ್ಲಾಪುರದಲ್ಲಿ. ಎರಡರ ಥ್ರಾಟಲ್ ಶಾಫ್ಟೂ (ಗಾಳಿಯ ಬಾಗಿಲು ತಿರುಗುವ ಕಡ್ಡಿ) ಸವೆದು ಅಲುಗಾಡುತ್ತಿದ್ದವು. ಆ ಸಂದಿನಿಂದ ಗಾಳಿ ನುಸುಳಿದರೆ ಏನು ಟ್ಯೂನ್ ಮಾಡಿದರೂ ವ್ಯರ್ಥ. ಹಿತ್ತಾಳೆ ಬುಷ್ ಹಾಕಿಸಿ ಹೊಸ ಶಾಫ್ಟ್ ತಿರುಗಿಸಿಕೊಂಡೆ.

ಈ ಎಂಜಿನ್ನಿನ ಹೆಡ್‌ನಲ್ಲಿ ಗಾಳಿ ಒಳಬರುವ ದ್ವಾರ ಎರಡೇ, ಒಂದೊಂದು ದ್ವಾರ ಎರಡೆರಡು ಸಿಲಿಂಡರಿಗೆ. ಆದ್ದರಿಂದ ಮ್ಯಾನಿಫೋಲ್ಡ್ ಮಾಡುವುದು ಸುಲಭ: ದಪ್ಪ ಪಟ್ಟಿಯ ಎರಡು ಫ್ಲೇಂಜ್, ಎರಡು ಗಿಡ್ಡ ಪೈಪು, ನಡುವೆ ಬೆರಳಗಲದ ಒಂದು ಸಮತೋಲನದ ನಳಿಕೆ. ವೆಲ್ಡಿಂಗ್‌ನ ಶಾಖಕ್ಕೆ ಫ್ಲೇಂಜ್ ಬಾಗುತ್ತದೆ, ಗಾಜಿನ ಮೇಲೆ ಎಮರಿ ಹಾಳೆ ಹಾಸಿ ಉಜ್ಜಿ ಸಮ ಮಾಡಿದೆ. ಅಂಗಳದ ಶಹಾಬಾದ್ ಕಲ್ಲಿನ ಮೇಲೂ ಉಜ್ಜಿ ನೋಡಿದ್ದೆ. ನೆಲಕ್ಕೆ ಚೆನ್ನ, ಇದಕ್ಕೆ ಸಾಲದು.

ಎಸ್‌ಯುವಿನಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಬುದ್ಧಿವಂತಿಕೆ. ಪೆಟ್ರೋಲ್ ಬರುವ ತೂತು, ಅಂದರೆ ಜೆಟ್, ಒಂದೇ, ಅದರೊಳಗೆ ತುದಿಗೆ ಹೋದಂತೆ ತೆಳುವಾಗುವ ಒಂದು ಸೂಜಿ. ಎಂಜಿನ್ ಹೆಚ್ಚು ಗಾಳಿ ಎಳೆದರೆ ಕಾರ್ಬುರೇಟರಿನೊಳಗಿನ ಪಿಸ್ಟನ್ ಮೇಲೇಳುತ್ತದೆ, ಸೂಜಿಯೂ ಏಳುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಸೋಲೆಕ್ಸ್‌ನಂತೆ ಹತ್ತಾರು ತೂತುಗಳಿಲ್ಲ, ಕಸ ಕಟ್ಟುವ ಗೋಳಿಲ್ಲ. ಆದರೆ ಎಲ್ಲವೂ ಆ ಸೂಜಿಯ ಆಕಾರದ ಮೇಲೆ ನಿಂತಿದೆ. ನನ್ನ ಬಳಿ ಇರುವುದು ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿಗೆ ಕೊರೆದ ಸೂಜಿ. ಇಲ್ಲಿ ಒಂದು ಕಾರ್ಬುರೇಟರ್‌ಗೆ ಬರುವುದು 474 ಸಿಸಿ.

ಜೋಡಿಸಿ, ಆ ಪಿಸ್ಟನ್ನಿನ ಏರಿಳಿತ ತಡೆದು ಹಿಡಿಯುವ ಡ್ಯಾಂಪರಿಗೆ ತೆಳು ಎಣ್ಣೆ ಹಾಕಿ, ಚಾಲೂ ಮಾಡಿದೆ. ಎರಡೂ ಸಮನಾಗಿ ಉಸಿರೆಳೆಯುತ್ತಿವೆಯೇ ಎಂದು ತಿಳಿಯಲು ರಬ್ಬರ್ ನಳಿಕೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಸುಯ್ ಎನ್ನುವ ಸದ್ದು ಎರಡರಲ್ಲೂ ಒಂದೇ ಸ್ಥಾಯಿಯಲ್ಲಿರಬೇಕು. ಹಿಂದಿನದು ಮೇಲಿನ ಷಡ್ಜ ಹಿಡಿದಿತ್ತು, ತಿರುಪು ಕಾಲು ಸುತ್ತು ಬಿಟ್ಟ ಮೇಲೆ ಶ್ರುತಿಗೆ ಬಂತು. ಆಮೇಲೆ ಮಿಶ್ರಣ. ಪಿಸ್ಟನ್ನನ್ನು ಕೆಳಗಿನ ಪಿನ್ನಿನಿಂದ ಅರ್ಧ-ಮುಕ್ಕಾಲು ಮಿಲಿಮೀಟರ್ ಎತ್ತಬೇಕು. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಕುಸಿದರೆ ಕಡಿಮೆ, ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ನನ್ನದು ಕುಸಿಯಿತು.

ಇಲ್ಲಿಂದ ಪುಸ್ತಕ ಕೈಬಿಡುತ್ತದೆ. ಕೈಪಿಡಿಯ ಅಂಕಿಗಳು ಇಂಗ್ಲೆಂಡಿನ ಚಳಿಗೆ, ಶುದ್ಧ ಪೆಟ್ರೋಲಿಗೆ ಬರೆದವು. ನಮ್ಮ ಬಂಕಿನಲ್ಲಿ ಬರುವುದು ಇ20, ಅಂದರೆ ಐದರಲ್ಲೊಂದು ಪಾಲು ಎಥನಾಲ್. ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಬೇಡಿದರೆ ಎಥನಾಲ್‌ಗೆ ಒಂಬತ್ತು ಸಾಕು. ಇ20ಗೆ ಸುಮಾರು 13.5. ಕೈಪಿಡಿಯಂತೆ ಕೂರಿಸಿದ ಕಾರ್ಬುರೇಟರ್ ಅದೇ ಕಾರಣಕ್ಕೆ ಹಸಿದೇ ಓಡುತ್ತದೆ, ಹಸಿದ ಎಂಜಿನ್ ಬಿಸಿಯಾಗುತ್ತದೆ. ಕಾರ್ಕ್ ವಾಷರ್, ಹಳೆಯ ರಬ್ಬರ್ ನಳಿಕೆಗಳನ್ನೂ ಎಥನಾಲ್ ತಿನ್ನುತ್ತದೆ, ಅವನ್ನೆಲ್ಲ ಎಥನಾಲ್ ತಾಳುವ ವೈಟನ್ ರಬ್ಬರಿಗೆ ಬದಲಿಸಿದೆ. ಅಫಜಲಪುರ, ಆಳಂದದ ಕಡೆ ಕಬ್ಬಿನ ಗದ್ದೆ ಕಂಡರೆ ಈಗ ನನಗೆ ಬೆಲ್ಲದ ಬದಲು ಫ್ಲೋಟ್ ಚೇಂಬರಿನ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು) ವಾಷರ್ ನೆನಪಾಗುತ್ತದೆ. ಒಂದು ಲಾಭವೂ ಉಂಟು. ಎಥನಾಲ್ ಆಕ್ಟೇನ್, ಅಂದರೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದ ಗುಣ, ಹೆಚ್ಚಿಸುತ್ತದೆ, 8.4ರ ಕಂಪ್ರೆಷನ್ ನೆಮ್ಮದಿಯಾಗಿ ನಡೆಯುತ್ತದೆ.

ಸೈಲೆನ್ಸರ್ ಪೈಪಿಗೆ ಬೋಲ್ಟ್ ಗುಂಡಿ ವೆಲ್ಡ್ ಮಾಡಿಸಿ ಆಕ್ಸಿಜನ್ ಸೆನ್ಸರ್ ಕೂರಿಸಿದ್ದೇನೆ. ಮೀಟರನ್ನು ಲ್ಯಾಂಬ್ಡಾ ಅಂಕಿಗೆ ಇಟ್ಟುಕೊಂಡೆ, ಆಗ ಎಥನಾಲ್ ಎಷ್ಟಿದ್ದರೂ ಒಂದು ಎಂದರೆ ಮಿಶ್ರಣ ಸರಿ, ಹೆಚ್ಚಾದರೆ ಪೆಟ್ರೋಲ್ ಕಡಿಮೆ. ನಿಂತಲ್ಲಿ ಸರಿಮಾಡಿಕೊಂಡ ಎಂಜಿನ್ ಸೇಡಂ ರಸ್ತೆಯಲ್ಲಿ ಬುದ್ಧ ವಿಹಾರ ದಾಟಿ ಅರ್ಧ ಥ್ರಾಟಲ್‌ನಲ್ಲಿ ಓಡುವಾಗ 1.1 ತೋರಿಸಿತು. ಸೂಜಿಯ ನಡುಭಾಗ ದಪ್ಪವಾಯಿತೆಂದು ಅರ್ಥ. ಸೂಜಿಯನ್ನು ಡ್ರಿಲ್‌ಗೆ ಸಿಕ್ಕಿಸಿ, ನುಣುಪಾದ ಎಮರಿ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಬೇಕಾದ ಜಾಗದಲ್ಲಷ್ಟೇ ಮುಟ್ಟಿಸಿ, ಮೈಕ್ರೋಮೀಟರ್‌ನಿಂದ ಅಳೆಯುವುದು. ಬೆರಳು ಬೆಚ್ಚಗಾಗುವಷ್ಟರಲ್ಲಿ ಲೋಹ ಹೋಗಿರುತ್ತದೆ. ಇನ್ನೊಂದು ಸೂಜಿಗೂ ಅದೇ ಅಳತೆ ಬರಬೇಕು. ತಾಳ್ಮೆ ಇಲ್ಲದವರು ಇದಕ್ಕೆ ಕೈ ಹಾಕಬಾರದು, ತಾಳ್ಮೆ ಇದ್ದವರಿಗೆ ಇದಕ್ಕಿಂತ ರುಚಿಯಾದ ಕೆಲಸ ಕಡಿಮೆ.

ಚಿತ್ರಗಳಲ್ಲಿ ಕಾಣುವ ಹೊಳೆಯುವ ತುತ್ತೂರಿಗಳನ್ನು ಕಾರ್ಬುರೇಟರ್ ಬಾಯಿಗೆ ಏಕೆ ಹಾಕಲಿಲ್ಲ ಎಂದು ಅಳಿಯ ಕೇಳಿದ. ಎರೆಮಣ್ಣಿನ ಧೂಳು, ಶಹಾಬಾದ್ ಕಲ್ಲಿನ ಪುಡಿ, ವಾಡಿ ಕಡೆಯ ಸಿಮೆಂಟು, ಇವು ಮೂರನ್ನೂ ಉಸಿರಾಡಿದ ಎಂಜಿನ್ನಿಗೆ ಬೋರ್, ಅಂದರೆ ಸಿಲಿಂಡರಿನ ಒಳಮೈ, ಎಂಬುದು ಉಳಿಯುವುದಿಲ್ಲ. ಫಿಲ್ಟರ್ ಇಲ್ಲದೆ ಹೊಸಿಲು ದಾಟುವುದಿಲ್ಲ.

ಮೇ

ಬಿಸಿಲು 43. ಕೆಲಸ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ. ನಡುವೆ ಪಾನಾ ಮುಟ್ಟಿದರೆ ಬೊಬ್ಬೆ.

ನಿರೀಕ್ಷಿಸಿದ ತೊಂದರೆಯೇ ಬಂತು. ಓಡುವಾಗ ಚೆನ್ನ, ನಿಲ್ಲಿಸಿ ಕಾಲು ಗಂಟೆ ಬಿಟ್ಟರೆ ಚಾಲೂ ಆಗುವುದಿಲ್ಲ. ಈ ಎಂಜಿನ್ನಿನಲ್ಲಿ ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ ಎರಡೂ ಒಂದೇ ಪಕ್ಕದಲ್ಲಿವೆ. ಕಾರ್ಬುರೇಟರ್‌ಗಳು ನೇರವಾಗಿ ಎಕ್ಸಾಸ್ಟ್‌ನ ಮೇಲೆ ಕೂರುತ್ತವೆ. ಫ್ಯಾನ್ ನಿಂತೊಡನೆ ಶಾಖವೆಲ್ಲ ಮೇಲೇರಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿಯುತ್ತದೆ. ಅಡುಗೆಯ ಡಿಜಿಟಲ್ ಥರ್ಮಾಮೀಟರಿನ ಕಡ್ಡಿ ತಗುಲಿಸಿ ನೋಡಿದರೆ 68 ಡಿಗ್ರಿ.

ಎರಡು ಮದ್ದು. ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಹತ್ತು ಮಿಲಿಮೀಟರ್ ದಪ್ಪದ, ಶಾಖ ದಾಟಗೊಡದ ಹೈಲಂ ಹಾಳೆ ಕತ್ತರಿಸಿ ಕೊಟ್ಟೆ. ಕೆಳಗಡೆ ಶಾಖ ತಡೆಯಲು ಅಲ್ಯೂಮಿನಿಯಂ ತಗಡು. ತಗಡು ಸಿಕ್ಕಿದ್ದು ಮುದ್ರಣಾಲಯದಿಂದ, ಬಳಸಿ ಬಿಟ್ಟ ಆಫ್‌ಸೆಟ್ ಪ್ಲೇಟುಗಳು. ಕತ್ತರಿಯಿಂದ ಕತ್ತರಿಸಬಹುದು, ಬೆಲೆಯೂ ಕಡಿಮೆ. ಎರಡು ಪದರ, ನಡುವೆ ವಾಷರ್ ಕೊಟ್ಟು ಬೆರಳ ದಪ್ಪದ ಗಾಳಿಯ ಸಂದು. ಆ ಗಾಳಿಯೇ ನಿಜವಾದ ತಡೆ. ಒಂದೇ ಪದರವಾದರೆ ತಗಡು ತಾನೇ ಕಾದು ಶಾಖ ಬೀರುತ್ತದೆ. ಬಾನೆಟ್ ಎತ್ತಿದರೆ ಈಗ ಯಾರದೋ ಮದುವೆ ಕಾರ್ಯಕ್ರಮದ ವಿವರ, ಊಟದ ಸಮಯ ಸಮೇತ, ಕಾರ್ಬುರೇಟರಿನ ಕೆಳಗೆ ಓದಲು ಸಿಗುತ್ತದೆ. ಉಷ್ಣತೆ 54ಕ್ಕೆ ಇಳಿದಿದೆ. ಜಗತ್ ವೃತ್ತದಲ್ಲಿ ಉರಿಬಿಸಿಲಿಗೆ ನಿಲ್ಲಿಸಿ, ಚಹಾ ಕುಡಿದು ಬಂದು ಕೀಲಿ ತಿರುಗಿಸಿದೆ, ಹೊರಟಿತು.

ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಕಿವಿಯ ಲೆಕ್ಕ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆ ಏರು ಬಂದಾಗ ಟಾಪ್ ಗೇರಿನಲ್ಲೇ ಪೂರ್ತಿ ಒತ್ತಿದೆ. ಡಬ್ಬಿಯಲ್ಲಿ ಕಾಳು ಅಲುಗಿದ ಸದ್ದು ಬಂತು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದು ಕೂದಲು ಹಿಂದಕ್ಕೆ ತಿರುಗಿಸಿದೆ. ಮತ್ತೆ ಓಡಿಸಿದೆ, ಸದ್ದಿಲ್ಲ. ಅಲ್ಲಿಯವರೆಗೆ ಹೋದ ಮೇಲೆ ಕೆಂಬಾಳೆ ತರದೆ ಬಂದರೆ ಮನೆಯಲ್ಲಿ ಬಾಗಿಲು ತೆರೆಯುವುದಿಲ್ಲ, ತಂದೆ.

ಜೂನ್

ಎಂಜಿನ್ನಿನ ಬಲ ಅಳೆಯುವ ಡೈನೊ ಯಂತ್ರ ಇಲ್ಲ, ಅಶ್ವಶಕ್ತಿಯ ಅಂಕಿ ಹೇಳುವುದಿಲ್ಲ. ಒಂದೇ ರಸ್ತೆ, ಒಂದೇ ತುಣುಕು, ಟಾಪ್ ಗೇರಿನಲ್ಲಿ 40ರಿಂದ 70 ಕಿಲೋಮೀಟರ್ ವೇಗಕ್ಕೆ ಮೊದಲು 17 ಸೆಕೆಂಡ್ ಬೇಕಿತ್ತು, ಈಗ 13. ಪ್ಲಗ್‌ಗಳ ಬಣ್ಣ ನಾಲ್ಕರಲ್ಲೂ ತಿಳಿ ಕಂದು. ಸುಮಾರು 2200 ಸುತ್ತಿನಲ್ಲಿ ಒಂದು ತಡವರಿಕೆ ಉಳಿದಿದೆ, ಡ್ಯಾಂಪರ್ ಎಣ್ಣೆ ಸ್ವಲ್ಪ ದಪ್ಪದ್ದು ಹಾಕಿದರೆ ಕಡಿಮೆಯಾಗುತ್ತದೆಯೇ ನೋಡಬೇಕು. ಮೈಲೇಜ್ ಲೀಟರಿಗೆ ಒಂದು ಕಿಲೋಮೀಟರ್ ಇಳಿದಿದೆ, ಅದರ ಬಗ್ಗೆ ಮನೆಯಲ್ಲಿ ಚರ್ಚೆ ಬೇಡ.

ಆ ಎಣ್ಣೆ ಬಿಟ್ಟರೆ ಎಂಜಿನ್ನಿಗೆ ಇನ್ನು ಕೈ ಹಾಕುವುದಿಲ್ಲ, ಮುಂದಿನ ಸರದಿ ಬ್ರೇಕಿನದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಸ್ವಿಂಗ್ ಆಕ್ಸಲ್, ಅಂದರೆ ಚಕ್ರದೊಡನೆ ಮೇಲೆ ಕೆಳಗೆ ತೂಗುವ ಅಚ್ಚು. ತಿರುವಿನಲ್ಲಿ ಹಠಾತ್ತನೆ ಕಾಲು ತೆಗೆದರೆ ಹಿಂದಿನ ಚಕ್ರಗಳು ಮಡಚಿಕೊಳ್ಳುವ ಚಾಳಿ ಇದಕ್ಕೆ ಹುಟ್ಟಿನಿಂದ ಬಂದದ್ದು. ವೀಲ್ ಸಿಲಿಂಡರ್ ರಬ್ಬರುಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕು, ಶೂಗಳಿಗೆ ಹೊಸ ಲೈನಿಂಗ್ ಊರಿನಲ್ಲೇ ಆಗುತ್ತದೆ. ಅದಾಗುವ ತನಕ ಕಾರು ಇನ್ನು 60 ದಾಟುವುದಿಲ್ಲ.