ಜೇನಿನಲ್ಲಿ ಕಲಸಿದ ಔಷಧ, ಮೂಗಿಗೆ ಬಿಟ್ಟ ಹನಿ

ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಇಂಡಿ ಕಡೆಯಿಂದ ವಿಜಯಪುರಕ್ಕೆ ಬಂದಿದ್ದ ನಾಲ್ಕು ವರ್ಷದ ಹುಡುಗ, ಅರಿವಳಿಕೆ ವೈದ್ಯನಾದ ನಾನು ಜೇನುತುಪ್ಪದಲ್ಲಿ ಕಲಸಿ ಕೊಟ್ಟ, ಆಪರೇಷನ್ನಿಗೆ ಮುಂಚೆ ಭಯ ತಗ್ಗಿಸಿ ಮಂಪರು ತರಿಸುವ ಮಿಡಜೋಲಾಮನ್ನು ಒಂದಿಷ್ಟು ನುಂಗಿ, ಉಳಿದದ್ದನ್ನು ಅವ್ವನ ಸೆರಗಿಗೆ ಉಗಿದ. ಹುಡುಗನ ತೂಕ 16 ಕಿಲೋ, ಕಿಲೋಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ 8 ಮಿಲಿಗ್ರಾಂ ಕೊಟ್ಟಿದ್ದೆ. ಅದರಲ್ಲಿ ಹೊಟ್ಟೆಗೆ ಎಷ್ಟು ಹೋಯಿತು, ಸೆರಗಿಗೆ ಎಷ್ಟು ಹೋಯಿತು ಎಂಬುದು ತಿಳಿಯದ ಮೇಲೆ ಮತ್ತೊಮ್ಮೆ ಕೊಡುವಂತೆಯೂ ಇರಲಿಲ್ಲ, ಸುಮ್ಮನಿರುವಂತೆಯೂ ಇರಲಿಲ್ಲ. ಕೊನೆಗೆ ಅವ್ವನ ತೊಡೆಯ ಮೇಲೆಯೇ ಕೂರಿಸಿ, ಮೊಬೈಲಿನಲ್ಲಿ ಕಾರ್ಟೂನು ಹಚ್ಚಿಕೊಟ್ಟು ಅರಿವಳಿಕೆಯ ಮಾಸ್ಕ್ ಹಿಡಿದೆವು.

ಆದರೂ ಮಿಡಜೋಲಾಮನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಹೊಟ್ಟೆಗೆ ಸರಿಯಾಗಿ ಇಳಿದರೆ ಇಪ್ಪತ್ತು, ಮೂವತ್ತು ನಿಮಿಷಗಳಲ್ಲಿ ಮಗುವಿನ ಭಯ ಕರಗುತ್ತದೆ. ಥಿಯೇಟರಿನ ಬಾಗಿಲು, ಹಸಿರು ಬಟ್ಟೆ, ಮಾಸ್ಕಿನ ವಾಸನೆ ಯಾವುದೂ ಆಮೇಲೆ ನೆನಪಿನಲ್ಲಿ ಉಳಿಯದಿರುವ ಸಂಭವವೇ ಹೆಚ್ಚು. ಅದರ ದೊಡ್ಡ ದೋಷ ಕಹಿ. ಅಪರೂಪಕ್ಕೆ ಕೆಲವು ಮಕ್ಕಳು ಮಂಪರಾಗುವ ಬದಲು ಹಟಕ್ಕೆ ಬಿದ್ದು ರಂಪ ಮಾಡುವುದೂ ಉಂಟು.

ಡೆಕ್ಸ್‌ಮೆಡಿಟೊಮಿಡಿನ್‌ಗೆ ಆ ಕಹಿಯ ತಾಪತ್ರಯವಿಲ್ಲ; ಇದು ಮೂಗಿಗೆ ಹನಿಸಿ ಮಂಪರು ತರಿಸುವ ಇನ್ನೊಂದು ಔಷಧ. ಅದೇ ಹುಡುಗನಿಗೆ ಕಿಲೋಗೆ 2 ಮೈಕ್ರೋಗ್ರಾಂನಂತೆ 32 ಮೈಕ್ರೋಗ್ರಾಂ ಎಂದರೆ, 1 ಮಿಲಿಲೀಟರಿನಲ್ಲಿ 100 ಮೈಕ್ರೋಗ್ರಾಂ ಇರುವ ಔಷಧದಲ್ಲಿ ಕೇವಲ 0.32 ಮಿಲಿಲೀಟರ್: ಸಣ್ಣ ಸಿರಿಂಜಿನ ಸೂಜಿ ತೆಗೆದು ಒಂದೊಂದು ಹೊಳ್ಳೆಗೆ ಅರ್ಧರ್ಧ ಹನಿಸಿದರೆ, ಮೂಗು ಉರಿಯಿತೆಂದು ಮಗು ಅಳುವುದು ಕಡಿಮೆ. ಮಿಡಜೋಲಾಮನ್ನು ಮೂಗಿಗೆ ಬಿಟ್ಟರೆ ಮಾತ್ರ ಬೆಂಕಿ ಇಟ್ಟಂತೆ ಚೀರುತ್ತವೆ. ಡೆಕ್ಸ್ ಕೊಟ್ಟ ಮಗುವಿನ ನಿದ್ದೆ ಸಹಜ ನಿದ್ದೆಗೆ ಹತ್ತಿರವಾದದ್ದು, ಅರಿವಳಿಕೆಯ ಅನಿಲ ಸೆವೊಫ್ಲುರೇನ್ ನಿಂತು ಎಚ್ಚರವಾಗುವಾಗಿನ ಗಲಾಟೆಯನ್ನೂ ಅದು ತಗ್ಗಿಸುತ್ತದೆ. ಆದರೆ ನಾಡಿ ನಿಧಾನವಾಗುವುದರಿಂದ ಬೆರಳಿನ ಪಲ್ಸ್ ಆಕ್ಸಿಮೀಟರ್ ತೆಗೆಯುವಂತಿಲ್ಲ, ಮತ್ತು ಪರಿಣಾಮ ಕಾಣಲು ಮೂವತ್ತರಿಂದ ನಲವತ್ತೈದು ನಿಮಿಷ ಕಾಯಬೇಕು. ಲಿಸ್ಟಿನಲ್ಲಿ ಮುಂದಿನ ಕೇಸ್ ಯಾವಾಗ ಎಂಬುದೇ ಗೊತ್ತಿಲ್ಲದ ದಿನ ಈ ಕಾಯುವಿಕೆಯೇ ಕಷ್ಟ.

ಬಾಯಿಗೆ ಕೊಡುವ ಇನ್ನೊಂದು ಮಂಪರಿನ ಔಷಧ ಕೀಟಮಿನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ; ಜೊಲ್ಲು, ವಾಂತಿ ಎರಡನ್ನೂ ಹಿಂದೆ ಕಟ್ಟಿಕೊಂಡೇ ಬರುತ್ತದೆ. ನಿದ್ದೆ ತರಿಸುವ ಟ್ರೈಕ್ಲೋಫಾಸ್ ಸಿರಪ್ ಅನ್ನು ಸ್ಕ್ಯಾನಿಂಗಿನವರಿಗೇ ಬಿಟ್ಟಿದ್ದೇನೆ. ಟಾನ್ಸಿಲ್ ದೊಡ್ಡದಾಗಿ ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವ ಮಗುವಿಗಂತೂ ವಾರ್ಡಿನಲ್ಲಿ ಇವುಗಳಲ್ಲಿ ಯಾವುದನ್ನೂ ಕೊಡಲು ನನ್ನ ಕೈ ಬರುವುದಿಲ್ಲ.

ಆದ್ದರಿಂದ ನನ್ನ ಆಯ್ಕೆಯನ್ನು ಹೆಚ್ಚಾಗಿ ನಿರ್ಧರಿಸುವುದು ಗಡಿಯಾರ. ಬೆಳಗಿನ ಮೊದಲನೆಯ ಕೇಸ್ ಆದರೆ ಹೊತ್ತು ನಮ್ಮ ಕೈಯಲ್ಲಿರುತ್ತದೆ, ಮೂಗಿನ ಹನಿ ಸಾಕು. ನಡುವೆ ಅವಸರದಲ್ಲಿ ಕರೆ ಬಂದರೆ ಜೇನು, ಮಿಡಜೋಲಾಮ್. ಈಗ ವಾರ್ಡಿನ ಸಿಸ್ಟರ್ ಹಿಂದಿನ ಸಂಜೆಯೇ ಫೋನ್ ಮಾಡುತ್ತಾರೆ: “ಸರ್, ನಾಳಿ ಮೊದಲನೇ ಕೂಸಿಗೆ ಮೂಗಿಂದೋ, ಬಾಯಿಂದೋ?”