ನೆಕರ್ ದಂಡೆಯ ಟ್ಯೂಬಿಂಗನ್: ಸೇತುವೆಯಿಂದ ಕೋಟೆಗೆ ಒಂದು ದಿನ

ಶನಿವಾರ, 24 ಮೇ 2025

ಜರ್ಮನಿಗೆ ಬಂದ ಅಪ್ಪ-ಅಮ್ಮನಿಗೆ ನದಿ ದಂಡೆಯ ಹಳೆಯ ಊರು ತೋರಿಸಬೇಕೆಂದರೆ ಮೊದಲು ಬಾಯಿಗೆ ಬರುವ ಹೆಸರು ಹೈಡಲ್‌ಬರ್ಗ್. ಅದೇ ನೆಕರ್ ನದಿಯ ಮೇಲ್ಭಾಗದಲ್ಲಿ ಟ್ಯೂಬಿಂಗನ್ ಇದೆ, ಕನ್ನಡ ಓದುವವರು ಇದನ್ನು ಬಿಡಬಾರದು. ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡೇ ವರ್ಷಕ್ಕೆ, 1896ರಲ್ಲಿ, ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದೂ ಇದೇ ಊರಿನಲ್ಲಿ.

ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ, ವೇಗದ ಗಾಡಿ ಸಿಕ್ಕರೆ ಇನ್ನೂ ಬೇಗ. ನಾಲ್ಕೈದು ಜನರಿದ್ದರೆ ಬಾಡೆನ್-ವ್ಯೂರ್ಟೆಂಬರ್ಗ್ ಟಿಕೆಟ್, ಅಂದರೆ ಈ ರಾಜ್ಯದೊಳಗೆ ಓಡಾಡುವ ದಿನದ ಟಿಕೆಟ್, ಒಂದೇ ಸಾಕು. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಅದು ಬೆಳಿಗ್ಗೆ 9ರ ಮೇಲೆಯೇ ನಡೆಯುವುದು. ಎಂಟೂವರೆಯ ಗಾಡಿ ಹತ್ತಿ ದಂಡ ಕಟ್ಟುವವರು ಬಹಳ ಮಂದಿ. ಶನಿವಾರ, ಭಾನುವಾರ ಆ ತೊಡಕಿಲ್ಲ.

ನಿಲ್ದಾಣ ಇರುವುದು ನದಿಯ ದಕ್ಷಿಣಕ್ಕೆ, ಹಳೆಯ ಊರು ಉತ್ತರದ ದಂಡೆಯಲ್ಲಿ. ಹತ್ತು ನಿಮಿಷ ನಡೆದರೆ ನೆಕರ್ ಸೇತುವೆ. ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಸಾಲು ಮನೆಗಳು, ಹಳದಿ ಗೋಪುರ, ನೀರಿಗೆ ಬಾಗಿದ ಮರ, ಎಲ್ಲವೂ ಈ ಸೇತುವೆಯ ಮೇಲಿನಿಂದ ಕಾಣುವ ನೋಟ. ಇಲ್ಲಿಂದ ನೋಡುವುದು ಪಶ್ಚಿಮದ ಕಡೆಗೆ. ಹಾಗಾಗಿ ಫೋಟೋ ಬೆಳಿಗ್ಗೆಯೇ ತೆಗೆಯಬೇಕು, ಬಿಸಿಲು ಬೆನ್ನಿಗಿರುತ್ತದೆ. ಸಂಜೆ ಬಂದರೆ ಸೂರ್ಯ ನೇರ ಲೆನ್ಸಿಗೆ ಹೊಡೆದು ಮನೆಗಳೆಲ್ಲ ಕಪ್ಪಾಗುತ್ತವೆ. ಸೇತುವೆಯ ನಡುವಿನಿಂದಲೇ ನದಿಯೊಳಗಿನ ನಡುಗಡ್ಡೆಗೆ ಮೆಟ್ಟಿಲಿಳಿಯುತ್ತದೆ. ಅಲ್ಲಿ ಸುಮಾರು ಇನ್ನೂರು ವರ್ಷದ ಪ್ಲೇನ್ ಮರಗಳ ಸಾಲಿದೆ. ನೆರಳು ಸೊಗಸು, ಆದರೆ ಬೇಸಿಗೆಯ ಎಲೆಗಳ ನಡುವೆ ಎದುರು ದಂಡೆ ತುಂಡುತುಂಡಾಗಿಯೇ ಕಾಣುವುದು.

ಶ್ಟೋಕರ್‌ಕಾನ್ ಎಂಬ ಉದ್ದನೆಯ ಚಪ್ಪಟೆ ತಳದ ದೋಣಿ ಈ ಊರಿನ ಗುರುತು. ಹುಟ್ಟು ಹಾಕುವುದಿಲ್ಲ. ಅಂಬಿಗ ಹಿಂದೆ ನಿಂತು ಉದ್ದನೆಯ ಗಳದಿಂದ ನದಿಯ ತಳ ಒತ್ತಿ ನೂಕುತ್ತಾನೆ. ಗಳವನ್ನು ದೋಣಿಯ ಬದಿಗೆ ತಾಗಿಸಿ ನೆಟ್ಟಗೆ ಬಿಡಬೇಕು. ತಳ ಮುಟ್ಟಿದ ಮೇಲೆ ಹಿಂದಕ್ಕೆ ಒತ್ತುತ್ತ ಕೈ ಮೇಲೇರಿಸಬೇಕು, ಕೊನೆಗೆ ಒಂದು ಸಲ ತಿರುಚಿ ಸಡಿಲಿಸಿ ಎಳೆಯಬೇಕು. ತಿರುಚದೆ ಎಳೆದರೆ ಕೆಸರು ಕಚ್ಚಿಕೊಳ್ಳುತ್ತದೆ, ದೋಣಿ ಮಾತ್ರ ಮುಂದೆ ಹೋಗುತ್ತದೆ. ಆಗ ಗಳ ಬಿಟ್ಟುಬಿಡಬೇಕು, ಹಿಡಿದುಕೊಂಡವರು ನೀರಿಗೆ ಬೀಳುತ್ತಾರೆ. ಮೊದಲ ಸಲದವರು ಅಂಬಿಗನಿರುವ ದೋಣಿಯಲ್ಲೇ ಕೂರುವುದು ಒಳ್ಳೆಯದು. ವೇಳೆ, ದರ ಎಲ್ಲವನ್ನೂ ಸೇತುವೆಯ ಪಕ್ಕದ ಪ್ರವಾಸಿ ಕಚೇರಿಯಲ್ಲಿ ಕೇಳಬಹುದು. ದೋಣಿ ಇಳಿಯುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಫ್ರೋನ್‌ಲೈಖ್ನಾಮ್ ಎಂಬ ಕ್ರೈಸ್ತ ಹಬ್ಬದ ದಿನ ವಿದ್ಯಾರ್ಥಿಗಳ ದೋಣಿ ಪಂದ್ಯ ನಡೆಯುತ್ತದೆ, ಸೋತ ತಂಡದವರು ಮೀನಿನ ಎಣ್ಣೆ ಕುಡಿಯಬೇಕು. 2025ರಲ್ಲಿ ಆ ಹಬ್ಬ ಜೂನ್ 19ಕ್ಕೆ ಬಂದಿತ್ತು. ಹಬ್ಬದ ದಿನ ನಿಲ್ಲಲು ಜಾಗ ಬೇಕಾದರೆ ಬೆಳಿಗ್ಗೆಯೇ ಬಂದಿರಬೇಕು.

ಹಳದಿ ಗೋಪುರ ಕವಿ ಹೋಲ್ಡರ್ಲಿನ್ ಇದ್ದ ಮನೆ. ಮನಸ್ಸಿನ ಸ್ತಿಮಿತ ತಪ್ಪಿದ ಅವರನ್ನು 1807ರಲ್ಲಿ ಎರ್ನ್ಸ್ಟ್ ಝಿಮರ್ ಎಂಬ ಬಡಗಿ ತನ್ನ ಮನೆಗೆ ಕರೆತಂದ. ಕವಿ ಅಲ್ಲೇ 36 ವರ್ಷ ಬದುಕಿ 1843ರಲ್ಲಿ ತೀರಿಕೊಂಡರು. 1875ರ ಬೆಂಕಿಗೆ ಸಿಕ್ಕಿ ಮತ್ತೆ ಕಟ್ಟಿದ ಗೋಪುರ ಇದು. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಬೇಕು. ಅದೇ ಓಣಿಯಲ್ಲಿ ಮುಂದೆ 1536ರ ‘ಶ್ಟಿಫ್ಟ್’, ದೇವಶಾಸ್ತ್ರ ವಿದ್ಯಾರ್ಥಿಗಳ ನಿಲಯ. ಖಗೋಳ ವಿಜ್ಞಾನಿ ಕೆಪ್ಲರ್, ತತ್ತ್ವಜ್ಞಾನಿ ಹೆಗೆಲ್ ಇದ್ದದ್ದು ಇಲ್ಲಿ, ಮೊಗ್ಲಿಂಗ್ ಇದ್ದದ್ದೂ ಇಲ್ಲಿ. ಇಂದಿಗೂ ಮಕ್ಕಳು ಓದುತ್ತಿರುವ ಜಾಗ, ಅಂಗಳದಲ್ಲೇ ನಿಂತು ನೋಡಿ ಬರುವುದು ಮರ್ಯಾದೆ.

ಮೇಲೆ ಹೋಲ್ಜ್‌ಮಾರ್ಕ್ಟ್ ಚೌಕದಲ್ಲಿ 15ನೇ ಶತಮಾನದ ಶ್ಟಿಫ್ಟ್‌ಕಿರ್ಖೆ ಚರ್ಚು, ಅದರ ಎದುರಿಗೆ ಹೆಕೆನ್‌ಹಾವರ್ ಪುಸ್ತಕದಂಗಡಿ. 1895ರಿಂದ 1899ರವರೆಗೆ ಕಾದಂಬರಿಕಾರ ಹರ್ಮನ್ ಹೆಸ್ಸೆ ಇಲ್ಲಿ ಪುಸ್ತಕ ವ್ಯಾಪಾರ ಕಲಿತರು. ಹೆಸ್ಸೆಯ ತಂದೆ ಬಾಸೆಲ್ ಮಿಷನ್ನಿನಿಂದ ಮಂಗಳೂರಿನಲ್ಲಿ ಕೆಲಸ ಮಾಡಿದವರು. ತಾಯಿಯ ತಂದೆ ಮಲಯಾಳದ ನಿಘಂಟು ಮಾಡಿದ ಗುಂಡರ್ಟ್, ಅವರೂ ಶ್ಟಿಫ್ಟ್‌ನ ವಿದ್ಯಾರ್ಥಿ. ನಮ್ಮ ಕರಾವಳಿಯ ಇಷ್ಟು ಎಳೆಗಳು ನೂರು ಹೆಜ್ಜೆಯೊಳಗೆ ಸಿಗುವ ಇನ್ನೊಂದು ಊರು ಜರ್ಮನಿಯಲ್ಲಿ ಕಷ್ಟ.

ಮಾರುಕಟ್ಟೆ ಚೌಕದ ಪುರಭವನ 1435ರದ್ದು. ಜನ ಗೋಡೆಯ ಚಿತ್ರ ನೋಡಿ ಹೊರಟುಬಿಡುತ್ತಾರೆ. ನಿಂತು ನೋಡಬೇಕಾದ್ದು ಮೇಲಿನ ಖಗೋಳ ಗಡಿಯಾರ. ಇಲ್ಲಿನ ಪ್ರಾಧ್ಯಾಪಕ ಯೋಹಾನೆಸ್ ಶ್ಟೋಫ್ಲರ್ 1511ರಲ್ಲಿ ಮಾಡಿದ್ದು. ಅದರಲ್ಲಿ ಸೂರ್ಯನಿಗೊಂದು, ಚಂದ್ರನಿಗೊಂದು ಮುಳ್ಳು, ಜೊತೆಗೆ ಡ್ರ್ಯಾಗನ್ ರೂಪದ ಮತ್ತೊಂದು ಮುಳ್ಳು. ಪಂಚಾಂಗ ನೋಡುವ ಮನೆಯವರಿಗೆ ಇದನ್ನು ವಿವರಿಸಲೇ ಬೇಕಾಗಿಲ್ಲ: ಡ್ರ್ಯಾಗನ್ನಿನ ತಲೆ ರಾಹು, ಬಾಲ ಕೇತು. ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳವು, ಒಂದು ಸುತ್ತಿಗೆ 18.6 ವರ್ಷ. ಅಮಾವಾಸ್ಯೆಯಲ್ಲಿ ಸೂರ್ಯ-ಚಂದ್ರರ ಮುಳ್ಳುಗಳೆರಡೂ ಡ್ರ್ಯಾಗನ್ನಿನ ಹತ್ತಿರ ಕೂಡಿದರೆ ಸೂರ್ಯಗ್ರಹಣ. ಹುಣ್ಣಿಮೆಯಲ್ಲಿ ಒಂದು ತಲೆಯ ಬಳಿ, ಇನ್ನೊಂದು ಬಾಲದ ಬಳಿ ಬಂದರೆ ಚಂದ್ರಗ್ರಹಣ. ಮಕ್ಕಳಿಗೆ ಗ್ರಹಣ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಊಟ ಇಲ್ಲೇ ಮುಗಿಸಿಕೊಳ್ಳಬೇಕು, ಮುಂದೆ ಏರು. ಸಸ್ಯಾಹಾರಿಗಳಿಗೆ ಕೇಸೆಶ್ಪೆಟ್ಸ್ಲೆ, ಅಂದರೆ ಮೊಟ್ಟೆ ಹಾಕಿದ ಹಿಟ್ಟಿನ ಎಳೆಗಳ ಮೇಲೆ ಚೀಸ್, ಹುರಿದ ಈರುಳ್ಳಿ. ಮೊಟ್ಟೆಯೂ ಬೇಡವೆನ್ನುವವರು ಮೊದಲೇ ಕೇಳಬೇಕು. ಬೇಳೆಯ ಹೆಸರು ನೋಡಿ ‘ಲಿನ್ಸನ್’ ಹೇಳಿದರೆ ಮೇಲೆ ಸಾಸೇಜ್ ಇಟ್ಟು ತರುತ್ತಾರೆ. ಕಾಫಿಗೆ ಲೋಟ ಜೊತೆಗಿರಲಿ: 2022ರಿಂದ ಈ ಊರಿನಲ್ಲಿ ಬಿಸಾಡುವ ಕಪ್ಪಿಗೆ 50 ಸೆಂಟ್ ತೆರಿಗೆ, ಚಮಚಕ್ಕೆ ಬೇರೆ.

ಕೋಟೆಗೆ ಬುರ್ಗ್‌ಶ್ಟೈಗೆ ಎಂಬ ಕಲ್ಲು ಹಾಸಿದ ಏರುದಾರಿ. ಹತ್ತು ನಿಮಿಷ, ಆದರೆ ಮಳೆ ಬಂದರೆ ಜಾರುತ್ತದೆ. ಅಮ್ಮಂದಿರಿಗೆ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ. ಅಂಗಳಕ್ಕೆ, ಹೆಂಚುಗಳ ಮೇಲಿನ ನೋಟಕ್ಕೆ ದುಡ್ಡಿಲ್ಲ. ಒಳಗಿನ ಮ್ಯೂಸಿಯಂ ಸೋಮವಾರ, ಮಂಗಳವಾರ ರಜೆ. ಇಡೀ ಊರಿನಲ್ಲಿ ಒಂದಕ್ಕೇ ಸಮಯವಿದ್ದರೆ ಇದಕ್ಕೆ ಕೊಡಿ.

ಫೋಗಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕ ಮ್ಯಾಮತ್ ಎಂಬ ಹಿಮಯುಗದ ಆನೆಯ ದಂತದಲ್ಲಿ ಕೆತ್ತಿದ ಕುದುರೆ ಇಲ್ಲಿದೆ. ಉದ್ದ 4.8 ಸೆಂಟಿಮೀಟರ್, ಹೆಬ್ಬೆರಳಿಗಿಂತ ತುಸು ಕಡಿಮೆ. ವಯಸ್ಸು ಸುಮಾರು 40 ಸಾವಿರ ವರ್ಷ. ಕಾಲುಗಳು ಮುರಿದಿವೆ, ಬಿಲ್ಲಿನಂತೆ ಬಾಗಿದ ಕೊರಳು ಉಳಿದಿದೆ. ಬೆಳಕು ಮಂದ, ಬಂದ ಕೂಡಲೇ ಏನೂ ಕಾಣದು. ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಂಡು ಕುತ್ತಿಗೆಯ ನುಣುಪು ಕಾಣುತ್ತದೆ. ಅವಸರ ಮಾಡಬೇಡಿ.

ನಂತರ ಕೋಟೆಯ ಹಳೆಯ ಅಡುಗೆಮನೆ. 19ನೇ ಶತಮಾನದಲ್ಲಿ ಇದು ವಿಶ್ವವಿದ್ಯಾಲಯದ ಪ್ರಯೋಗಶಾಲೆ. 1869ರಲ್ಲಿ ಫ್ರೀಡ್ರಿಖ್ ಮೀಷರ್ ಈಗ ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಇಲ್ಲಿ. ಆಸ್ಪತ್ರೆಯ ಬ್ಯಾಂಡೇಜುಗಳಲ್ಲಿದ್ದ ಕೀವೇ ಅವನ ಕಚ್ಚಾವಸ್ತು. ಕೊಳೆತ ಬಟ್ಟೆಯನ್ನು ಪಕ್ಕಕ್ಕೆ ಹಾಕಿ, ಉಳಿದದ್ದನ್ನು ಸೋಡಿಯಂ ಸಲ್ಫೇಟ್ ನೀರಿನಲ್ಲಿ ತೊಳೆದು ಸೋಸುತ್ತಿದ್ದ. ಬೇರೆ ಉಪ್ಪು ಹಾಕಿದರೆ ಜೀವಕೋಶಗಳು ಉಬ್ಬಿ ಲೋಳೆಯಾಗುತ್ತಿದ್ದವು. ಹಂದಿಯ ಜಠರದಿಂದ ತೆಗೆದ ಪೆಪ್ಸಿನ್‌ನಿಂದ ಪ್ರೋಟೀನು ಕರಗಿಸಿದ. ಉಳಿದ ವಸ್ತು ಕ್ಷಾರದಲ್ಲಿ ಕರಗಿತು, ಆಮ್ಲ ಹಾಕಿದರೆ ತಳಕ್ಕಿಳಿಯಿತು. ಅದರಲ್ಲಿ ರಂಜಕವಿತ್ತು. ಅದನ್ನು ಅವನು ‘ನ್ಯೂಕ್ಲಿನ್’ ಎಂದು ಕರೆದ. ಮುಂದೆ ಸಾಲ್ಮನ್ ಮೀನಿನ ವೀರ್ಯದಿಂದ ಅವನು ತೆಗೆದ ನ್ಯೂಕ್ಲಿನ್ನಿನ ಗಾಜಿನ ನಳಿಗೆ, ಅದರ ಹಳೆಯ ಚೀಟಿಯ ಸಮೇತ, ಇದೇ ಕೋಣೆಯಲ್ಲಿದೆ. ಮ್ಯೂಸಿಯಂ ಸಂಜೆ 5ಕ್ಕೆ ಮುಚ್ಚುತ್ತದೆ, ಗುರುವಾರ 7ಕ್ಕೆ. 3 ಗಂಟೆಯೊಳಗೆ ಮೇಲೆ ಬಂದಿದ್ದರೆ ಕುದುರೆಗೂ ಈ ನಳಿಗೆಗೂ ಸಮಯ ಸಾಲುತ್ತದೆ.